ಕಣಗಾತ್ರ ಅಳೆಯುವ ಉಪಕರಣವನ್ನು ನಾನು ಆಯ್ದುಕೊಂಡ ಬಗೆ

ಬಣ್ಣದ ತಯಾರಿಕೆಗೆ ಬಳಸುವ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯ ಗುಣಮಟ್ಟವನ್ನು ಪರೀಕ್ಷಿಸುವುದು ನನ್ನ ಕೆಲಸ. ಪುಡಿ ದಪ್ಪಗಿದ್ದರೆ ಬಳಿದ ಬಣ್ಣದ ಹೊಳಪು ಕುಂದುತ್ತದೆ; ತೀರಾ ನುಣ್ಣಗಿದ್ದರೆ ಅದು ಎಣ್ಣೆಯನ್ನು ಹೆಚ್ಚು ಹೀರಿ ಬಣ್ಣವನ್ನು ಗಟ್ಟಿಯಾಗಿಸುತ್ತದೆ. ಮೊದಲು ನಾವು 45 ಮೈಕ್ರಾನ್ ಜರಡಿಯಲ್ಲಿ ಉಳಿಯುವ ಅಂಶವನ್ನಷ್ಟೇ ತೂಗಿ ನೋಡುತ್ತಿದ್ದೆವು. ನಮ್ಮ ಪುಡಿಯ ಬಹುಪಾಲು ಆ ಜರಡಿಯನ್ನು ಸುಲಭವಾಗಿ ದಾಟುತ್ತಿದ್ದುದರಿಂದ, ದಾಟಿದ ಪುಡಿಯೊಳಗೆ ಏನಿದೆ ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ, ಕಣಗಳು ಲೇಸರ್ ಬೆಳಕನ್ನು ಚದುರಿಸುವ ಬಗೆಯಿಂದ ಅವುಗಳ ಗಾತ್ರವನ್ನು ಅಳೆಯುವ ಲೇಸರ್ ಡಿಫ್ರ್ಯಾಕ್ಷನ್ ಉಪಕರಣವೊಂದನ್ನು ಕೊಳ್ಳಲು ನಿರ್ಧಾರವಾಯಿತು; ಯಾವುದನ್ನು ಕೊಳ್ಳಬೇಕೆಂದು ಹೇಳುವ ಹೊಣೆ ನನ್ನದಾಯಿತು.

ಮಾಲ್ವರ್ನ್, ಹೊರಿಬಾ, ಸಿಂಪಾಟೆಕ್, ಮೈಕ್ರೊಟ್ರ್ಯಾಕ್, ಬೆಕ್‌ಮನ್ ಕೌಲ್ಟರ್ ಮುಂತಾದ ಕಂಪನಿಗಳು ಈ ಕ್ಷೇತ್ರದಲ್ಲಿ ಹೆಸರಾದವು. ಇವುಗಳ ಉಪಕರಣಗಳ ಮೂಲತತ್ತ್ವ ಒಂದೇ: ದೊಡ್ಡ ಕಣ ಬೆಳಕನ್ನು ಕಿರಿದಾದ ಕೋನದಲ್ಲಿ ಪ್ರಬಲವಾಗಿ ಚದುರಿಸುತ್ತದೆ, ಸಣ್ಣ ಕಣ ಅಗಲವಾದ ಕೋನಗಳಿಗೆ ಕ್ಷೀಣವಾಗಿ ಚದುರಿಸುತ್ತದೆ. ಡಿಟೆಕ್ಟರ್‌ಗಳ ಮೇಲೆ ಬಿದ್ದ ಆ ಬೆಳಕಿನ ವಿನ್ಯಾಸದಿಂದ, ಗುಸ್ಟಾವ್ ಮೀ 1908ರಲ್ಲಿ ಮಂಡಿಸಿದ ಸಿದ್ಧಾಂತದ ನೆರವಿನಲ್ಲಿ, ಕಣಗಳ ಗಾತ್ರಹಂಚಿಕೆಯನ್ನು ಲೆಕ್ಕ ಹಾಕಲಾಗುತ್ತದೆ. ಕರಪತ್ರಗಳಲ್ಲಿ ಅಳತೆಯ ವ್ಯಾಪ್ತಿಯನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ನಮ್ಮ ಪುಡಿ ಆ ವ್ಯಾಪ್ತಿಯ ನಡುವೆ ಎಲ್ಲೋ ಆರಾಮವಾಗಿ ಕೂರುವಾಗ, ಅದನ್ನೇ ಆಯ್ಕೆಯ ಮಾನದಂಡ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದು ನನಗೆ ಅನ್ನಿಸಿತು.

ಹೀಗಾಗಿ ನಾನು ನಮ್ಮದೇ ಪುಡಿಯನ್ನು ಕಂಪನಿಗಳ ಪ್ರಯೋಗಾಲಯಗಳಿಗೆ ಕಳುಹಿಸಿದೆ. ಚೀಲದ ಬಾಯಿಂದ ಒಂದೊಂದು ಚಮಚ ತೆಗೆದು ಹಂಚುವುದು ಸರಿಯಲ್ಲ. ಸಾಗಣೆಯ ಕುಲುಕಾಟದಲ್ಲಿ ನುಣುಪು ಕಣಗಳು ಸಂದುಗಳಲ್ಲಿ ಇಳಿದು ತಳ ಸೇರುತ್ತವೆ, ದಪ್ಪ ಕಣಗಳು ಮೇಲೆ ಉಳಿಯುತ್ತವೆ. ಸುತ್ತುವ ರಿಫ್ಲರ್‌ನಲ್ಲಿ ಇಡೀ ಪುಡಿಯನ್ನು ಹರಿಸಿ ಸಮಾನ ಭಾಗ ಮಾಡಿದೆ. ಫಲಿತಾಂಶ ಕೊಡಿ ಎಂದಷ್ಟೇ ಕೇಳದೆ, ಯಾವ ದ್ರವ, ಗಂಟು ಬಿಡಿಸಲು ಎಷ್ಟು ಅಲ್ಟ್ರಾಸೌಂಡ್ (ಶ್ರವಣಾತೀತ ಧ್ವನಿ), ಲೆಕ್ಕಕ್ಕೆ ಯಾವ ವಕ್ರೀಭವನಾಂಕ (ವಸ್ತು ಬೆಳಕನ್ನು ಬಗ್ಗಿಸುವ ಅಳತೆ) ಬಳಸಿದಿರಿ ಎಂಬುದನ್ನೂ ಬರೆದು ಕಳುಹಿಸಲು ಕೋರಿದೆ.

ಬಂದ ವರದಿಗಳಲ್ಲಿ ಡಿ50, ಅಂದರೆ ಪುಡಿಯ ಅರ್ಧ ಪಾಲು ಯಾವ ಗಾತ್ರಕ್ಕಿಂತ ಕೆಳಗಿದೆಯೋ ಆ ಗಾತ್ರ, ಒಂದೇ ಆಗಿರಲಿಲ್ಲ. ಉಪಕರಣಗಳು ಪರಸ್ಪರ ಒಪ್ಪುತ್ತಿಲ್ಲವೆಂದು ಸಹೋದ್ಯೋಗಿಗಳು ಗೊಣಗಿದರು. ವಿವರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದಾಗ ಕಾರಣ ಸ್ಪಷ್ಟವಾಗಿತ್ತು: ಒಂದು ಕಡೆ ಪುಡಿಯನ್ನು ಒತ್ತಡದ ಗಾಳಿಯಲ್ಲಿ ಒಣದಾಗಿಯೇ ಚದುರಿಸಿದ್ದರು, ಇನ್ನೊಂದು ಕಡೆ ನೀರಿನಲ್ಲಿ ಕಲಕಿದ್ದರೂ ಅಲ್ಟ್ರಾಸೌಂಡ್ ಕೊಟ್ಟಿರಲಿಲ್ಲ, ಮತ್ತೊಂದು ಕಡೆ ಡಿಸ್ಪರ್ಸೆಂಟ್ (ಕಣಗಳು ಅಂಟಿಕೊಳ್ಳದಂತೆ ತಡೆಯುವ ರಾಸಾಯನಿಕ) ಹಾಕಿ ಗಂಟುಗಳನ್ನೆಲ್ಲ ಬಿಡಿಸಿದ್ದರು. ವ್ಯತ್ಯಾಸ ಹುಟ್ಟಿದ್ದು ಪುಡಿಯನ್ನು ಸಿದ್ಧಗೊಳಿಸಿದ ರೀತಿಯಲ್ಲಿ. ಈ ಬಣ್ಣಕ್ಕೆ ಪುಡಿ ಹೋಗುವಾಗ ಗಂಟು ಒಡೆದಿರುತ್ತದೆಯೇ ಎಂದು ಅಳೆಯುವ ಮೊದಲೇ ಕೇಳಿದ ಕಂಪನಿಯ ಉಪಕರಣವನ್ನೇ ನಾನು ಶಿಫಾರಸು ಮಾಡಿದೆ. ಆ ಒಂದು ಪ್ರಶ್ನೆ ಕೇಳಬಲ್ಲವರು ಮುಂದೆ ಸಮಸ್ಯೆ ಬಂದಾಗಲೂ ನೆರವಾಗಬಲ್ಲರು ಎಂಬುದು ನನ್ನ ನಂಬಿಕೆಯಾಗಿತ್ತು. ಈಗಲೂ ಹಾಗೆಯೇ ಇದೆ.

ಉಪಕರಣ ಬಂದ ಮೇಲೆ ವಿಧಾನವನ್ನು ನಾನೇ ಕಟ್ಟಿದೆ. ಚಿಟಿಕೆ ಪುಡಿಗೆ ಡಿಸ್ಪರ್ಸೆಂಟ್ ಆಗಿ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದ ಕೆಲವು ಹನಿ ಹಾಕಿ ಗಾಜಿನ ಕಡ್ಡಿಯಿಂದ ಪೇಸ್ಟ್‌ನಂತೆ ತಿಕ್ಕುತ್ತೇನೆ. ಒಣಪುಡಿಯನ್ನು ನೇರವಾಗಿ ಸುರಿದರೆ ಅದು ನೀರಿನ ಮೇಲೆ ತೇಲುತ್ತದೆ, ಗುಳ್ಳೆಗಳನ್ನೂ ಹಿಡಿದುಕೊಳ್ಳುತ್ತದೆ. ಆ ಪೇಸ್ಟನ್ನು ಹನಿಹನಿಯಾಗಿ ಉಪಕರಣದ ನೀರಿನ ತೊಟ್ಟಿಗೆ ಬಿಡುತ್ತ ಪರದೆಯ ಮೇಲಿನ ಅಬ್ಸ್‌ಕ್ಯುರೇಶನ್ ಅಂಕಿಯನ್ನು ನೋಡುತ್ತಿರುತ್ತೇನೆ. ಲೇಸರ್ ಬೆಳಕಿನಲ್ಲಿ ಎಷ್ಟು ಪಾಲು ಕಣಗಳಿಂದ ತಡೆಯಲ್ಪಟ್ಟಿದೆ ಎಂಬುದನ್ನು ಅದು ಹೇಳುತ್ತದೆ. ತೀರಾ ಕಡಿಮೆಯಿದ್ದರೆ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಹೆಚ್ಚಾದರೆ ಒಂದು ಕಣ ಚದುರಿಸಿದ ಬೆಳಕನ್ನು ಇನ್ನೊಂದು ಕಣ ಮತ್ತೆ ಚದುರಿಸಿ, ಪುಡಿ ಇರುವುದಕ್ಕಿಂತ ನುಣ್ಣಗೆ ಕಾಣುತ್ತದೆ. ಇಷ್ಟು ನುಣುಪಾದ ಪುಡಿಗೆ ನಾನು 10% ದಾಟಲು ಬಿಡುವುದಿಲ್ಲ.

ಮುಂದಿನದು ಅಲ್ಟ್ರಾಸೌಂಡ್. ಅದನ್ನು ಚಾಲೂ ಮಾಡಿ ಬಿಡದೆ ಅಳೆಯುತ್ತ ಹೋದರೆ ಡಿ90 (ಪುಡಿಯ 90% ಪಾಲು ಯಾವ ಗಾತ್ರಕ್ಕಿಂತ ಕೆಳಗಿದೆಯೋ ಅದು) ಮೊದಲು ವೇಗವಾಗಿ ಇಳಿಯುತ್ತದೆ, ಅದರೊಂದಿಗೆ ಅಬ್ಸ್‌ಕ್ಯುರೇಶನ್ ಏರುತ್ತದೆ. ಗಂಟುಗಳು ಬಿಚ್ಚುತ್ತಿವೆ ಎಂಬುದಕ್ಕೆ ಇದೇ ಗುರುತು. ಬಳಿಕ ಅಂಕಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಗೆ ಅಲ್ಟ್ರಾಸೌಂಡ್ ನಿಲ್ಲಿಸಿ ಮತ್ತೆ ಅಳೆಯುತ್ತೇನೆ: ಡಿ90 ಮೇಲೇರಿದರೆ ಕಣಗಳು ಮತ್ತೆ ಅಂಟಿಕೊಳ್ಳುತ್ತಿವೆ, ಡಿಸ್ಪರ್ಸೆಂಟ್ ಸಾಲದಾಗಿದೆ ಎಂದರ್ಥ. ಮಟ್ಟ ಬಂದ ಮೇಲೂ ಅಲ್ಟ್ರಾಸೌಂಡ್ ಮುಂದುವರಿಸಿದಾಗ ಅದು ನಿಧಾನವಾಗಿ ಇಳಿಯುತ್ತಲೇ ಇದ್ದರೆ ಕಣಗಳೇ ಒಡೆಯುತ್ತಿರಬಹುದು, ಅಷ್ಟು ಶಕ್ತಿ ಬೇಡ. ಕಲಕುವ ವೇಗವನ್ನೂ ಹೀಗೆಯೇ ಹುಡುಕಿಕೊಳ್ಳಬೇಕು. ಕಡಿಮೆಯಾದರೆ ದಪ್ಪ ಕಣಗಳು ತಳದಲ್ಲಿ ಉಳಿಯುತ್ತವೆ, ಹೆಚ್ಚಾದರೆ ಗುಳ್ಳೆಗಳು ಎದ್ದು 100 ಮೈಕ್ರಾನ್ ಆಚೆ ಇಲ್ಲದ ಉಬ್ಬೊಂದು ನಕ್ಷೆಯಲ್ಲಿ ಮೂಡುತ್ತದೆ.

ಕ್ಯಾಲ್ಸಿಯಂ ಕಾರ್ಬೊನೇಟ್‌ನ ಹರಳುರೂಪವಾದ ಕ್ಯಾಲ್ಸೈಟ್‌ಗೆ 1.658 ಮತ್ತು 1.486 ಎಂಬ ಎರಡು ವಕ್ರೀಭವನಾಂಕಗಳಿವೆ. ಇವೆರಡರ ನಡುವಿನ ಒಂದು ಬೆಲೆಯನ್ನು ಗೊತ್ತುಮಾಡಿ, ಅದನ್ನು ಯಾರೂ ಬದಲಿಸದಂತೆ ವಿಧಾನದಲ್ಲಿಯೇ ಭದ್ರಪಡಿಸಿದೆ. ಒಂದೆರಡು ಮೈಕ್ರಾನ್‌ಗಿಂತ ಕೆಳಗಿನ ಭಾಗ ಈ ಬೆಲೆಗೆ ಬಹಳ ಸ್ಪಂದಿಸುತ್ತದೆ. ಚೆನ್ನಾಗಿ ಕಾಣುವ ಉತ್ತರ ಬರುವವರೆಗೆ ಅದನ್ನು ಹೊರಳಿಸುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ.

ಮತ್ತೆ ಮತ್ತೆ ಅಳೆದಾಗ ಫಲಿತಾಂಶ ಎಷ್ಟು ಹೊಯ್ದಾಡಬಹುದು ಎಂಬುದಕ್ಕೆ 1999ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13320-1 ಹೇಳಿದ ಮಿತಿಗಳನ್ನು ಇಟ್ಟುಕೊಂಡೆ: ಡಿ50ಗೆ 3%, ಡಿ10 (10% ಪಾಲು ಕೆಳಗಿರುವ ಗಾತ್ರ) ಮತ್ತು ಡಿ90ಗೆ 5%, ಗಾತ್ರ 10 ಮೈಕ್ರಾನ್‌ಗಿಂತ ಕಡಿಮೆಯಿದ್ದಲ್ಲಿ ಇವುಗಳ ದುಪ್ಪಟ್ಟು. ಡಿ90 ಸದಾ ಹೆಚ್ಚು ಹೊಯ್ದಾಡುತ್ತದೆ. ಇಲ್ಲಿನ ಹಂಚಿಕೆ ಘನಫಲದ ಲೆಕ್ಕದ್ದು; 100 ಮೈಕ್ರಾನಿನ ಒಂದು ಕಣ 1 ಮೈಕ್ರಾನಿನ 10 ಲಕ್ಷ ಕಣಗಳಿಗೆ ಸಮ. ಚಿಟಿಕೆಯಲ್ಲಿ ಅಂಥ ಒಂದೆರಡು ಕಣ ಬಂದವೋ ಬರಲಿಲ್ಲವೋ ಎಂಬುದರ ಮೇಲೆ ನಕ್ಷೆಯ ಬಲತುದಿ ನಿಂತಿರುತ್ತದೆ. ಉಪಕರಣ ಸರಿಯಿದೆಯೇ ಎಂದು ನೋಡಲು ಪ್ರಮಾಣಿತ ಗಾಜಿನ ಮಣಿಗಳ ಪೊಟ್ಟಣವನ್ನು ಪೂರ್ತಿಯಾಗಿ ಸುರಿಯುವುದೂ, ಅದರಿಂದ ಸ್ವಲ್ಪವೇ ತೆಗೆದುಕೊಳ್ಳದಿರುವುದೂ ಇದೇ ಕಾರಣಕ್ಕೆ.

ಈಗ ಪುಡಿ ಪೂರೈಸುವವರೊಂದಿಗಿನ ಒಪ್ಪಂದದಲ್ಲಿ ಡಿ50 ಮತ್ತು ಡಿ90ರ ಮಿತಿಗಳ ಜೊತೆಗೆ ದ್ರವ, ಡಿಸ್ಪರ್ಸೆಂಟ್, ಅಲ್ಟ್ರಾಸೌಂಡ್ ಅವಧಿ, ವಕ್ರೀಭವನಾಂಕ ಇವಿಷ್ಟನ್ನೂ ಬರೆಸಿದ್ದೇನೆ. ಅವರ ಬಳಿ ಇರುವುದು ಬೇರೆ ಕಂಪನಿಯ ಉಪಕರಣ. ಆದರೂ ಹಾಗೆ ಬರೆಸಿದ ಮೇಲೆ ಎರಡೂ ಕಡೆಯ ಡಿ50 ಮಿತಿಯೊಳಗೆ ಹೊಂದುತ್ತಿದೆ. ಡಿ90ರಲ್ಲಿ ಮಾತ್ರ ಆಗಾಗ ತಕರಾರು ಏಳುತ್ತದೆ, ಆಗ ಇಬ್ಬರೂ ಒಂದೇ ರಿಫ್ಲರ್‌ನಿಂದ ಬಂದ ಭಾಗಗಳನ್ನು ತೆಗೆದುಕೊಂಡು ಮತ್ತೆ ಅಳೆಯುತ್ತೇವೆ.