ಐದೂಕಾಲು ಇಂಚಿನ ಬೇಸ್‌ಬೋರ್ಡೂ ನನ್ನ ಕಾರ್ಡ್‌ಲೆಸ್ ಗರಗಸವೂ

ಉತ್ತರ ಕೆರೊಲಿನಾದ ರಾಲಿ ನಗರಕ್ಕೆ ಅಂಟಿಕೊಂಡಂತಿರುವ ಕ್ಯಾರಿಯಲ್ಲಿ ನಮ್ಮದು 1998ರಲ್ಲಿ ಕಟ್ಟಿದ, ಮರದ ಚೌಕಟ್ಟಿನ ಎರಡಂತಸ್ತಿನ ಮನೆ. ಮೇಲಿನ ಮೂರು ಮಲಗುವ ಕೋಣೆಗಳಿಗೂ ಅವುಗಳ ನಡುವಿನ ಓಡಾಟದ ಜಾಗಕ್ಕೂ ಹಾಸಿದ್ದ ಕಾರ್ಪೆಟ್ಟನ್ನು ಕಿತ್ತು ತೆಗೆದು, ಲ್ಯಾಮಿನೇಟ್ ಹಲಗೆಗಳನ್ನು ಹಾಸಿ, ಗೋಡೆಯ ಬುಡಕ್ಕೆ ಹೊಸ ಬೇಸ್‌ಬೋರ್ಡ್ ಕೂರಿಸುವ ಕೆಲಸವನ್ನು ಕಳೆದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಸೇರಿ ಮಾಡಿ ಮುಗಿಸಿದೆವು. ಬೆಂಗಳೂರಿನಲ್ಲಿ ನಾವು ಸ್ಕರ್ಟಿಂಗ್ ಎನ್ನುವುದನ್ನೇ ಇಲ್ಲಿ ಬೇಸ್‌ಬೋರ್ಡ್ ಎನ್ನುತ್ತಾರೆ. ಕಲ್ಲಿನ ಬದಲು ಅದು ಮರದ್ದು ಅಥವಾ ಎಂಡಿಎಫ್‌ನದು, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯದು, ಎಂಬುದಷ್ಟೇ ವ್ಯತ್ಯಾಸ. ಕೂಲಿಯ ಲೆಕ್ಕವೇ ಸಾಮಾನಿನ ಬೆಲೆಯನ್ನು ಮೀರಿದ್ದರಿಂದ ಕೆಲಸವನ್ನು ನಾವೇ ಕೈಗೆತ್ತಿಕೊಂಡೆವು. ಆ ಕೆಲಸದಲ್ಲಿ ನಾನು ಹೆಚ್ಚು ಯೋಚಿಸಿ ತೆಗೆದುಕೊಂಡ ನಿರ್ಧಾರವೆಂದರೆ ಹಲಗೆಯನ್ನು ಬೇಕಾದ ಕೋನಕ್ಕೆ ಅಡ್ಡಲಾಗಿ ಕತ್ತರಿಸುವ ಮೈಟರ್ ಗರಗಸಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬುದು.

ಮೊದಲ ಕೋಣೆಯನ್ನು ಗೆಳೆಯರೊಬ್ಬರಿಂದ ಎರವಲು ತಂದ 10 ಇಂಚು ಬ್ಲೇಡಿನ, ವಯರು ಇರುವ ಗರಗಸದಿಂದಲೇ ಮಾಡಿದೆವು. ಅದು ಒಳ್ಳೆಯ ಯಂತ್ರವೇ. ಆದರೆ ತೂಕ ಹೆಚ್ಚಾದ್ದರಿಂದ ಗ್ಯಾರೇಜಿನಲ್ಲಿಯೇ ಉಳಿಯಿತು. ಪ್ರತಿ ತುಂಡಿಗೂ ಮೇಲೆ ಅಳೆದು, ಕೆಳಗೆ ಇಳಿದು, ಕತ್ತರಿಸಿ, ಮತ್ತೆ ಮೇಲೆ ಹತ್ತಬೇಕಿತ್ತು. ಸಂಜೆಯ ಹೊತ್ತಿಗೆ ಕಾಲು ಸೋತು, ಅರ್ಧ ಮಿಲಿಮೀಟರು ಉದ್ದವಾದ ತುಂಡನ್ನು ತೆಗೆದುಕೊಂಡು ಮತ್ತೊಮ್ಮೆ ಕೆಳಗೆ ಹೋಗುವ ಬದಲು ಅದನ್ನೇ ಒತ್ತಿ ಕೂರಿಸತೊಡಗಿದ್ದೆ. ಒಂದು ದಿನ ಅದನ್ನು ಕಷ್ಟಪಟ್ಟು ಮೇಲೆ ಹೊತ್ತು ತಂದು, ಅದೇ ಕೋಣೆಯ ಪ್ಲಗ್ಗಿನಿಂದ ಗರಗಸವನ್ನೂ ದೂಳೆಳೆಯುವ ವ್ಯಾಕ್ಯೂಮನ್ನೂ ಒಟ್ಟಿಗೆ ನಡೆಸಿದಾಗ ಬ್ರೇಕರ್ ಬಿದ್ದುಹೋಯಿತು. ಇಲ್ಲಿನ ಕೋಣೆಗಳ ಸರ್ಕ್ಯೂಟು ಸಾಮಾನ್ಯವಾಗಿ 120 ವೋಲ್ಟ್, 15 ಆಂಪಿಯರಿನದು. ಅಂತಹ ಗರಗಸವೊಂದೇ ಹೆಚ್ಚುಕಡಿಮೆ ಅಷ್ಟನ್ನೂ ಎಳೆಯಬಲ್ಲುದು. ಬ್ಯಾಟರಿಯಿಂದ ನಡೆಯುವ ಕಾರ್ಡ್‌ಲೆಸ್ ಗರಗಸ ಬೇಕೆಂದು ನನಗೆ ಅನಿಸಿದ್ದು ಆ ದಿನ. ವಯರು ಇಲ್ಲದಿರುವುದು ಅನುಕೂಲ ಎಂಬುದಕ್ಕಿಂತ, ಗರಗಸವು ಹಲಗೆ ಕೂರುವ ಜಾಗದಿಂದ ನಾಲ್ಕು ಹೆಜ್ಜೆಯೊಳಗೆ ಇದ್ದರೆ ಮಾತ್ರ ಕೂದಲೆಳೆಯಷ್ಟು ಕೆರೆದು ಕೆರೆದು ಸರಿಪಡಿಸುವ ತಾಳ್ಮೆ ಉಳಿಯುತ್ತದೆ ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಅಂಗಡಿಗೆ ಹೋಗುವ ಮೊದಲು ನಾನು ಅಳೆದದ್ದು ಎರಡನ್ನು: ಹಾಸುವ ಹಲಗೆಯ ಅಗಲ ಏಳೂವರೆ ಇಂಚು, ಬೇಸ್‌ಬೋರ್ಡಿನ ಎತ್ತರ ಐದೂಕಾಲು ಇಂಚು. ಆಯ್ಕೆಯೆಲ್ಲ ಈ ಎರಡು ಅಳತೆಗಳ ಮೇಲೆ ನಿಂತಿತು. ಜಾರುವ ತೋಳಿಲ್ಲದ ಸಣ್ಣ ಗರಗಸವು ಏಳೂವರೆ ಇಂಚಿನ ಹಲಗೆಯನ್ನು ಒಂದೇ ಬಾರಿಗೆ ಕತ್ತರಿಸಲಾರದು. ಹಾಗಾಗಿ ಬ್ಲೇಡನ್ನು ಮುಂದಕ್ಕೂ ಹಿಂದಕ್ಕೂ ಜಾರಿಸಬಲ್ಲ ಸ್ಲೈಡಿಂಗ್ ಮಾದರಿಯೇ ಬೇಕು. ಅಂತಹ ಮಾದರಿಗಳಲ್ಲಿ ಏಳೂಕಾಲು ಇಂಚು ಬ್ಲೇಡಿನವು ಸುಮಾರು 8 ಇಂಚು ಅಗಲವನ್ನು ನೇರವಾಗಿ ಕತ್ತರಿಸುತ್ತವೆ, ತೂಕ 30 ಪೌಂಡಿನ ಆಸುಪಾಸು, ಎಂದರೆ ಒಬ್ಬರೇ ಎತ್ತಿಕೊಂಡು ಮೆಟ್ಟಿಲು ಹತ್ತಬಹುದಾದಷ್ಟು. 10 ಇಂಚಿನ ಸ್ಲೈಡಿಂಗ್ ಯಂತ್ರಗಳ ತೂಕ ಇದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಹೋಗುತ್ತದೆ. ಮಕೀಟಾ ಕಂಪನಿಯ 18 ವೋಲ್ಟ್ ಸಾಲಿನ 10 ಇಂಚಿನದಕ್ಕೆ ಎರಡು ಬ್ಯಾಟರಿಗಳನ್ನು ಒಟ್ಟಿಗೆ ಹಾಕಬೇಕು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇದು ತಿಳಿಯುವ ಮೊದಲು ನಾನು ತಪ್ಪು ದಾರಿಯಲ್ಲಿ ಯೋಚಿಸುತ್ತಿದ್ದೆ. ನೆಲದ ವಿಸ್ತೀರ್ಣ ದೊಡ್ಡದಾದ್ದರಿಂದ ಗರಗಸದ ನಿಜವಾದ ಪರೀಕ್ಷೆ ಅಲ್ಲಿಯೇ ಎಂದು ಭಾವಿಸಿದ್ದೆ. ಆದರೆ ಲ್ಯಾಮಿನೇಟ್ ಹಲಗೆಯ ಕತ್ತರಿಸಿದ ತುದಿ ಗೋಡೆಯ ಕಡೆಗೆ ಹೋಗುತ್ತದೆ. ತೇವದ ಏರಿಳಿತಕ್ಕೆ ಹಲಗೆ ಹಿಗ್ಗಲೆಂದು ಅಲ್ಲಿ ಕಾಲು ಇಂಚಿನಿಂದ 3/8 ಇಂಚಿನಷ್ಟು ಜಾಗ ಬಿಟ್ಟಿರುತ್ತೇವೆ, ಅದರ ಮೇಲೆ ಬೇಸ್‌ಬೋರ್ಡ್ ಬಂದು ಕುಳಿತುಕೊಳ್ಳುತ್ತದೆ. ಆ ತುದಿ ಒಂದೂವರೆ ಮಿಲಿಮೀಟರು ಓರೆಯಾಗಿದ್ದರೂ ಯಾರ ಕಣ್ಣಿಗೂ ಬೀಳದು. ಬೇಸ್‌ಬೋರ್ಡಿನ ಕಥೆ ಹಾಗಲ್ಲ. ಅದರ ಪ್ರತಿ ಜೋಡಣೆಯೂ ಬಯಲಲ್ಲಿದೆ, ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಕಾಗದದಷ್ಟು ಸಂದು ಇದ್ದರೂ ಕಪ್ಪು ಗೆರೆಯಾಗಿ ಕಾಣುತ್ತದೆ. ಆದ್ದರಿಂದ ನೆಲಕ್ಕೆ ಸಾಕಾಗುವಷ್ಟು ಅಗಲ ಸಿಕ್ಕಿತೆಂದ ಮೇಲೆ, ಉಳಿದ ಎಲ್ಲ ಗುಣಗಳನ್ನೂ ಬೇಸ್‌ಬೋರ್ಡನ್ನು ಮನಸ್ಸಿನಲ್ಲಿಟ್ಟುಕೊಂಡೇ ತೂಗಿ ನೋಡಬೇಕು.

ಸಣ್ಣ ಬ್ಲೇಡಿನ ಮಿತಿಯೂ ಅಲ್ಲಿಯೇ ಎದುರಾಗುತ್ತದೆ. ಬೇಸ್‌ಬೋರ್ಡನ್ನು ಗೋಡೆಯಲ್ಲಿ ನಿಂತಂತೆಯೇ ಫೆನ್ಸಿಗೆ, ಅಂದರೆ ಗರಗಸದ ಹಿಂಬದಿಯ ಆಸರೆಪಟ್ಟಿಗೆ, ಒರಗಿಸಿ ನಿಲ್ಲಿಸಿ ಕತ್ತರಿಸುವುದು ಸುಲಭದ ದಾರಿ. ಗರಗಸದ ಮೇಜನ್ನು 45 ಡಿಗ್ರಿಗೆ ಎಡಕ್ಕೋ ಬಲಕ್ಕೋ ತಿರುಗಿಸಿದರೆ ಕೆಲಸ ಮುಗಿಯಿತು. ಏಳೂಕಾಲು ಇಂಚಿನ ಬ್ಲೇಡಿಗೆ ಹಾಗೆ ನಿಲ್ಲಿಸಿ ಕತ್ತರಿಸಬಹುದಾದ ಎತ್ತರ ಸುಮಾರು ಮೂರೂವರೆ ಇಂಚು ಮಾತ್ರ. ನಮ್ಮದು ಐದೂಕಾಲು ಇಂಚಿನದಾದ್ದರಿಂದ ಹಲಗೆಯನ್ನು ಮಲಗಿಸಿ ಬ್ಲೇಡನ್ನೇ ವಾಲಿಸಬೇಕಾಯಿತು. ಬ್ಲೇಡು ಎಡಕ್ಕೆ ಮಾತ್ರ ವಾಲುವ ಯಂತ್ರದಲ್ಲಿ, ಹೊರಮೂಲೆಯ ಒಂದು ತುಂಡಿಗೆ ಹಲಗೆಯ ಬುಡ ಫೆನ್ಸಿಗೆ ತಾಗಿದರೆ, ಅದರ ಜೋಡಿ ತುಂಡಿಗೆ ಹಲಗೆಯನ್ನು ತಿರುಗಿಸಿ ಮೇಲಿನ ಅಂಚನ್ನು ಫೆನ್ಸಿಗೆ ತಾಗಿಸಬೇಕಾಗುತ್ತದೆ. ಆ ಮೇಲಿನ ಅಂಚು ಕೆತ್ತನೆಯಿಂದಾಗಿ ತೆಳ್ಳಗಿರುತ್ತದೆ, ಫೆನ್ಸಿಗೆ ಗಟ್ಟಿಯಾಗಿ ಕೂರುವುದಿಲ್ಲ, ಕೈ ಕೊಂಚ ಸಡಿಲವಾದರೂ ಸರಿಯುತ್ತದೆ. ಎರಡೂ ಕಡೆಗೆ ವಾಲುವ ಮಾದರಿಯಲ್ಲಿ ಈ ತೊಡಕಿಲ್ಲ. ಮಿಲ್ವಾಕಿ ಕಂಪನಿಯ ಏಳೂಕಾಲು ಇಂಚಿನ ಎಂ18 ಗರಗಸ ಅಂತಹದ್ದು, ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ನನಗೆ ನಿಜಕ್ಕೂ ಆಸೆಯಾಯಿತು.

ಆದರೂ ಕೊಂಡದ್ದು ಎಡಕ್ಕೆ ಮಾತ್ರ ವಾಲುವ ಡಿವಾಲ್ಟ್ ಕಂಪನಿಯ ಡಿಸಿಎಸ್361 ಮಾದರಿಯನ್ನು. ಮೊದಲ ಕಾರಣ, ಅದೇ ಕಂಪನಿಯ ಹಳದಿ ಬಣ್ಣದ ಡ್ರಿಲ್ಲೂ ಎರಡು 5 ಆಂಪಿಯರ್-ಗಂಟೆಯ ಬ್ಯಾಟರಿಗಳೂ ಮನೆಯಲ್ಲಿ ಇದ್ದವು. ಬೇರೆ ಬಣ್ಣಕ್ಕೆ ಹೋದರೆ ಬ್ಯಾಟರಿ, ಚಾರ್ಜರು ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಿತ್ತು. ಆ ಬ್ಯಾಟರಿಯ ಮೇಲೆ 20 ವೋಲ್ಟ್ ಎಂದು ಬರೆದಿರುವುದನ್ನು ನೋಡಿ 18 ವೋಲ್ಟಿನದಕ್ಕಿಂತ ಬಲವಾದದ್ದು ಎಂದು ತಿಳಿಯಬಾರದು: ಒಳಗೆ ಸರಣಿಯಾಗಿ ಜೋಡಿಸಿರುವ ಕೋಶಗಳು ಎರಡರಲ್ಲಿಯೂ ಐದೈದೇ, ತುಂಬಿದಾಗಿನ ಲೆಕ್ಕ 20, ಕೆಲಸ ಮಾಡುವಾಗಿನ ಲೆಕ್ಕ 18. ಎರಡನೆಯ ಕಾರಣ, ಗರಗಸದ ಎಲ್‌ಇಡಿ ದೀಪ ಬ್ಲೇಡಿನ ನೆರಳನ್ನೇ ಹಲಗೆಯ ಮೇಲೆ ಬೀಳಿಸುತ್ತದೆ. ಲೇಸರ್ ಗೆರೆಯನ್ನು ಆಗಾಗ ಹೊಂದಿಸಿಕೊಳ್ಳಬೇಕಾಗುತ್ತದೆ. ನೆರಳು ಬ್ಲೇಡಿನದೇ ಆದ್ದರಿಂದ ಅದು ತಪ್ಪುವ ಮಾತಿಲ್ಲ. ಪೆನ್ಸಿಲ್ ಗೀರಿನ ಯಾವ ಬದಿಗೆ ಬ್ಲೇಡು ಇಳಿಯುತ್ತದೆ ಎಂಬುದು ಕತ್ತರಿಸುವ ಮೊದಲೇ ಕಾಣುವುದು ಬೇಸ್‌ಬೋರ್ಡಿನ ಕೆಲಸದಲ್ಲಿ ಬಹಳ ದೊಡ್ಡ ಉಪಕಾರ.

ಪೆಟ್ಟಿಗೆಯಿಂದ ತೆಗೆದ ದಿನ ಒಂದು ಹಲಗೆಯನ್ನೂ ಕೆಲಸಕ್ಕೆಂದು ಕತ್ತರಿಸಲಿಲ್ಲ. ಐದು ಇಂಚು ಅಗಲದ ಚೂರು ಹಲಗೆಯನ್ನು ಸೊನ್ನೆ ಡಿಗ್ರಿಯಲ್ಲಿ ಎರಡಾಗಿ ಕತ್ತರಿಸಿ, ಒಂದು ತುಂಡನ್ನು ಮಗುಚಿ, ಎರಡನ್ನೂ ನೇರ ಪಟ್ಟಿಯೊಂದಕ್ಕೆ ಒತ್ತಿ ಹಿಡಿದು ತುದಿಗಳನ್ನು ಕೂಡಿಸಿ ನೋಡಿದೆ. ಗರಗಸ ಮೂಲೆಮಟ್ಟಕ್ಕೆ ಸರಿಯಾಗಿದ್ದರೆ ತುದಿಗಳು ಬೆಳಕು ನುಸುಳದಂತೆ ಕೂಡಿಕೊಳ್ಳಬೇಕು; ತಪ್ಪಿದ್ದರೆ ತಪ್ಪಿನ ಎರಡರಷ್ಟು ಸಂದು ಕಾಣುತ್ತದೆ. ನನಗೆ ಒಂದು ತುದಿಯಲ್ಲಿ ಕಾರ್ಡು ತೂರುವಷ್ಟು ಸಂದು ಕಂಡಿತು. ಕೋನದ ಅಳತೆಪಟ್ಟಿಯ ಸ್ಕ್ರೂಗಳನ್ನು ಸಡಿಲಿಸಿ, ಕೂದಲಷ್ಟು ಸರಿಸಿ, ಮತ್ತೆ ಕತ್ತರಿಸಿ ಮಗುಚಿ ನೋಡುವುದರಲ್ಲಿ ಅರ್ಧ ಗಂಟೆ ಕಳೆಯಿತು, ನಾಲ್ಕನೆಯ ಸಲ ಸಂದು ಮಾಯವಾಯಿತು. ವಾಲುವ ಕೋನವನ್ನೂ ಅದೇ ರೀತಿ ಪರೀಕ್ಷಿಸಬೇಕು. ಎಷ್ಟು ಬೆಲೆಯ ಯಂತ್ರವಾದರೂ ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬಾರದು ಎಂದು ನಾನು ದೃಢವಾಗಿ ಹೇಳುತ್ತೇನೆ.

ಬ್ಲೇಡಿನ ವಿಚಾರದಲ್ಲಿ ಖರ್ಚಿಗೆ ಹಿಂಜರಿಯಲಿಲ್ಲ. ಯಂತ್ರದ ಜೊತೆ ಬರುವ ಬ್ಲೇಡಿನಲ್ಲಿ ಹಲ್ಲು ಕಡಿಮೆ. ಅದು ಬೇಗ ಕತ್ತರಿಸುತ್ತದೆ, ಆದರೆ ಬಣ್ಣ ಬಳಿದ ಎಂಡಿಎಫ್‌ನ ಅಂಚನ್ನು ತರಿತರಿಯಾಗಿ ಬಿಡುತ್ತದೆ. ಬೇಸ್‌ಬೋರ್ಡಿಗೆಂದು 60 ಹಲ್ಲಿನ ತೆಳು ಬ್ಲೇಡನ್ನು ಬೇರೆಯೇ ತಂದೆ, ಹಳೆಯದನ್ನು ಲ್ಯಾಮಿನೇಟಿಗೆ ಮೀಸಲಿಟ್ಟೆ. ಲ್ಯಾಮಿನೇಟಿನ ಮೇಲ್ಪದರದಲ್ಲಿ ಸವೆತ ತಡೆಯಲೆಂದು ಅಲ್ಯೂಮಿನಿಯಂ ಆಕ್ಸೈಡ್ ಬೆರೆಸಿರುತ್ತಾರೆ, ಸಾಣೆಕಾಗದಕ್ಕೆ ಬಳಸುವ ವಸ್ತುವೇ ಅದು; ಒಂದು ಕೋಣೆಯ ನೆಲ ಮುಗಿಯುವುದರೊಳಗೆ ಒಳ್ಳೆಯ ಬ್ಲೇಡಿನ ಹರಿತವನ್ನೂ ಕುಗ್ಗಿಸಬಲ್ಲುದು. ಬ್ಲೇಡು ಕೊಳ್ಳುವಾಗ ಹಲ್ಲಿನ ಬಾಗನ್ನೂ ಗಮನಿಸಬೇಕು. ಅದೇ ಏಳೂಕಾಲು ಇಂಚಿನ ಅಳತೆಯಲ್ಲಿ ಕೈಯಲ್ಲಿ ಹಿಡಿದು ನಡೆಸುವ ಸರ್ಕ್ಯುಲರ್ ಗರಗಸದ ಬ್ಲೇಡುಗಳೂ ಅಂಗಡಿಯಲ್ಲಿ ತೂಗುತ್ತಿರುತ್ತವೆ. ಅವುಗಳಲ್ಲಿ ಹಲವುಗಳ ಹಲ್ಲು ಮುಂದಕ್ಕೆ ಬಾಗಿರುವುದರಿಂದ ಮೈಟರ್ ಗರಗಸದಲ್ಲಿ ಅವು ಮರವನ್ನು ಕಚ್ಚಿ ಹಲಗೆಯ ಮೇಲೆ ಹತ್ತಿ ಬರಲು ನೋಡುತ್ತವೆ. ಮೈಟರ್ ಕೆಲಸಕ್ಕೆಂದೇ ಮಾಡಿದ, ಹಲ್ಲು ನೆಟ್ಟಗೆ ಅಥವಾ ಹಿಂದಕ್ಕೆ ಬಾಗಿರುವ ಬ್ಲೇಡೇ ಆಗಬೇಕು.

ನೆಲದ ಕೆಲಸದಲ್ಲಿ ಮೈಟರ್ ಗರಗಸ ಮಾಡಲಾಗದ್ದೂ ಇದೆ. ಅದು ಹಲಗೆಯನ್ನು ಅಡ್ಡಕ್ಕೆ ಮಾತ್ರ ಕತ್ತರಿಸುತ್ತದೆ. ಕೊನೆಯ ಸಾಲಿನ ಹಲಗೆಗಳನ್ನು ಉದ್ದಕ್ಕೆ ಸೀಳಲು ಜಿಗ್‌ಸಾ ಬಳಸಿದೆ, ಬಾಗಿಲ ಚೌಕಟ್ಟಿನ ಬುಡವನ್ನು ಕೈಗರಗಸದಿಂದ ಕೊಯ್ದೆ.

ಇಡೀ ಕೆಲಸದಲ್ಲಿ ನನ್ನನ್ನು ಹೆದರಿಸಿದ ಘಟನೆ ಒಂದೇ. ಮೆಟ್ಟಿಲಿನ ತಲೆಯ ಬಳಿ ಬೇಸ್‌ಬೋರ್ಡ್ ಕೊನೆಗೊಳ್ಳುವ ಕಡೆ, ಅದರ ತುದಿಯನ್ನು ಗೋಡೆಗೆ ಮರಳಿಸುವ ಒಂದು ಇಂಚಿನ ಸಣ್ಣ ತುಂಡು ಬೇಕಿತ್ತು. ಕತ್ತರಿಸಿದ ಕೂಡಲೇ, ಬ್ಲೇಡು ಇನ್ನೂ ತಿರುಗುತ್ತಿರುವಾಗಲೇ ತೋಳನ್ನು ಎತ್ತಿದೆ. ಸಡಿಲವಾಗಿದ್ದ ಆ ತುಂಡನ್ನು ಹಲ್ಲು ಹಿಡಿದು, ನನ್ನ ಕಿವಿಯ ಪಕ್ಕದಿಂದ ಹಿಂದಿನ ಗೋಡೆಗೆ ಎಸೆಯಿತು. ಅಂದಿನಿಂದ ಗುಂಡಿ ಬಿಟ್ಟು, ತೋಳನ್ನು ಕೆಳಗೇ ಒತ್ತಿ ಹಿಡಿದು, ಬ್ಲೇಡು ಪೂರ್ತಿ ನಿಂತ ಮೇಲಷ್ಟೇ ಎತ್ತುತ್ತೇನೆ. ವಿದ್ಯುತ್ ಬ್ರೇಕ್ ಇರುವುದರಿಂದ ಕಾಯಬೇಕಾದದ್ದು ಒಂದೆರಡು ಕ್ಷಣ ಮಾತ್ರ. ಅಷ್ಟು ಸಣ್ಣ ತುಂಡಿನ ಹತ್ತಿರ ಬೆರಳು ಒಯ್ಯುವುದಿಲ್ಲ, ಬ್ಲೇಡು ಬದಲಿಸುವಾಗ ಮೊದಲು ಬ್ಯಾಟರಿ ತೆಗೆಯುತ್ತೇನೆ. ಕೋಣೆಯೊಳಗೆ ಎಂಡಿಎಫ್ ಕತ್ತರಿಸಿದರೆ ಏಳುವ ದೂಳು ಹಿಟ್ಟಿನಷ್ಟು ನುಣುಪು, ಗರಗಸದ ಚೀಲ ಹಿಡಿಯುವುದು ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ; ವ್ಯಾಕ್ಯೂಮಿನ ಕೊಳವೆ ಜೋಡಿಸಿ, ಕಿಟಕಿ ತೆರೆದು, ಎನ್95 ಮುಖಗವಸು, ಕನ್ನಡಕ, ಕಿವಿಮುಚ್ಚಿಗೆ ಮೂರನ್ನೂ ಹಾಕಿಕೊಂಡೆವು.

ಕೋಣೆಯ ಮೂಲೆಗಳು 90 ಡಿಗ್ರಿ ಇರುತ್ತವೆ ಎಂದು ನಂಬುವಂತಿಲ್ಲ. ಮೂಲೆಗಳಿಗೆ ಮೆತ್ತಿದ ಪುಟ್ಟಿ ಉಬ್ಬಿರುವುದೂ ಉಂಟು; ನಮ್ಮಲ್ಲಿ ಒಂದು ಹೊರಮೂಲೆ 91 ಇತ್ತು, ಪ್ರತಿ ತುಂಡನ್ನೂ ನಲವತ್ತೈದೂವರೆ ಡಿಗ್ರಿಗೆ ವಾಲಿಸಿ ಕತ್ತರಿಸಿದ ಮೇಲೆ ಅದು ಕೂಡಿತು. ಒಳಮೂಲೆಗಳಲ್ಲಿ ಒಂದು ತುಂಡನ್ನು ನೇರವಾಗಿ ಗೋಡೆಗೆ ತಾಗಿಸಿ, ಇನ್ನೊಂದನ್ನು 45ಕ್ಕೆ ಕತ್ತರಿಸಿ, ಆ ಕೋನ ತೋರಿಸುವ ಅಂಚಿನ ಗುಂಟ ತೆಳು ಬ್ಲೇಡಿನ ಸಣ್ಣ ಕೈಗರಗಸವಾದ ಕೋಪಿಂಗ್ ಗರಗಸದಿಂದ ಕೊರೆದು, ಮೊದಲನೆಯದರ ಮೈಗೆ ಹೊಂದುವಂತೆ ಕೂರಿಸಿದೆ. ಹೀಗೆ ಮಾಡಿದ ಮೂಲೆ ಸರಿಯಾದ ಲಂಬಕೋನದಲ್ಲಿರದಿದ್ದರೂ ಬಾಯಿ ಬಿಡುವುದಿಲ್ಲ. ಕೊನೆಯ ಕೋಣೆಯಲ್ಲಿ ಬಚ್ಚಲುಮನೆಯ ಬಾಗಿಲಿಗೂ ಕಪಾಟಿಗೂ ನಡುವೆ ಹದಿನಾಲ್ಕು ಇಂಚಿನ ತುಂಡೊಂದು ಬೇಕಿತ್ತು. ಹೆಂಡತಿ ಅದನ್ನು ಇಟ್ಟು ನೋಡಿ, "ಇನ್ನೊಂಚೂರು ತೆಗೀರಿ, ಆದರೆ ಗೀರಷ್ಟು ಬೇಡ" ಎಂದರು. ಹೊರಗಿನ ಓಡಾಟದ ಜಾಗದಲ್ಲಿ ನಾಲ್ಕು ಹೆಜ್ಜೆ ದೂರವಿದ್ದ ಗರಗಸಕ್ಕೆ ಮೂರು ಸಲ ಹೋಗಿ ಬಂದೆ. ಮೂರನೆಯ ಸಲ ಹೋದದ್ದು ಹುಡಿಯಷ್ಟೇ, ತುಂಡು ಅಂಗೈಯ ಒತ್ತಿಗೆ ಕುಳಿತುಕೊಂಡಿತು, ಮೊಳೆ ಹೊಡೆಯುವ ಮೊದಲೇ ಅಲುಗಾಡದೆ ನಿಂತಿತು.

ಒಂದೇ ಕೋಣೆಯ ಕೆಲಸವಿರುವವರಿಗೆ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದೇ ಲೇಸು. ನಮ್ಮ ಗರಗಸವು ಮೊದಲು ನಮಗೆ ಯಂತ್ರ ಕೊಟ್ಟ ಗೆಳೆಯರ ಮನೆಗೇ ಮುಂದಿನ ತಿಂಗಳು ಹೋಗಲಿದೆ. ಅವರ ಬೇಸ್‌ಬೋರ್ಡ್ ಮೂರೂಕಾಲು ಇಂಚಿನದು, ಆದ್ದರಿಂದ ಅವರು ಹಲಗೆಯನ್ನು ನಿಲ್ಲಿಸಿಯೇ ಕತ್ತರಿಸಬಹುದು.