ಒಂದೇ ಗ್ರಾಫಲ್ಲಿ ಎರಡು ದೇಶದ ದಿಮ್ಮಿ

ನಮ್ದು ಮಂಗಳೂರು ಕಡೆ ಒಂದು ಸಣ್ಣ ಮರದ ಮಿಲ್ಲು, ಅಪ್ಪನ ಕಾಲದಲ್ಲಿ ಬಂದರಿಗೆ ಬರ್ತಿದ್ದ ಬರ್ಮಾ ತೇಗ, ಮಲೇಷ್ಯಾ ದಿಮ್ಮಿ ಕುಯ್ದೇ ಮನೆ ನಡೆದಿದ್ದು. ಈಗ ಒಳ್ಳೆ ಮಾಲು ಯಾಕೆ ಸಿಗಲ್ಲ ಅಂದ್ರೆ ಎಲ್ರದ್ದೂ ಒಂದೇ ಉತ್ತರ, ಚೀನಾದವ್ರು ಎತ್ಕೊಂಡು ಹೋಗ್ತಾರೆ ಅಂತ. ನಿಜಾನಾ ನೋಡೇಬಿಡೋಣ, ಭಾರತದ್ದೂ ಚೀನಾದ್ದೂ ದಿಮ್ಮಿ ಆಮದು ಒಂದೇ ಗ್ರಾಫಲ್ಲಿ ಹಾಕೋಣ ಅಂತ ಯುಎನ್ ಕಾಮ್‌ಟ್ರೇಡ್ (ದೇಶ ದೇಶಗಳ ಆಮದು-ರಫ್ತಿನ ವಿಶ್ವಸಂಸ್ಥೆ ಲೆಕ್ಕ) ಡೇಟಾ ಇಳಿಸ್ಕೊಂಡು ಎಕ್ಸೆಲ್ ತೆಗೆದು ಕೂತೆ.

ಮೊದಲ ದಿನಾನೇ ಎಡವಟ್ಟು. ಕಸ್ಟಮ್ಸ್‌ನವ್ರು ಒಂದೊಂದು ಸರಕಿಗೆ ಕೊಡೋ ಕೋಡಲ್ಲಿ 4403 ಅಂದ್ರೆ ದಿಮ್ಮಿ ಅಂತ ಪೂರ್ತಿ ಎಳ್ಕೊಂಡೆ, ಚೀನಾ ಗೆರೆ ಆಕಾಶಕ್ಕೆ ಹೋಯ್ತು, ನಮ್ದು ನೆಲಕ್ಕೆ ಅಂಟ್ಕೊಂಡಿತ್ತು. ಆಮೇಲೆ ನೋಡಿದ್ರೆ ರಷ್ಯಾ, ನ್ಯೂಜಿಲೆಂಡಿನ ಪೈನ್ ಎಲ್ಲಾ ಅದ್ರೊಳಗೇ ಇದೆ! ಸಾಫ್ಟ್‌ವುಡ್ (ಪೈನ್ ಥರದ ಮರ) ಲೆಕ್ಕದಿಂದ ತೆಗೀಬೇಕಂದ್ರೆ 2017ಕ್ಕಿಂತ ಮುಂಚೆ 4403.20, ಆಮೇಲೆ 4403.21ರಿಂದ 4403.26. ನೀಲಗಿರಿ, ಪಾಪ್ಲರ್ 2017ರವರೆಗೂ 4403.99 ಅನ್ನೋ 'ಇತರೆ' ಗುಂಪಲ್ಲಿ ಕೂತಿದ್ವು, ತೇಗಕ್ಕೆ ಸ್ವಂತ ಕೋಡ್ 4403.42 ಬಂದಿದ್ದೇ 2022ರಲ್ಲಿ. ಇನ್ನೊಂದು, ನಮ್ಮ ಎಂಟು ಅಂಕಿ ಕೋಡ್ ಚೀನಾಕ್ಕೆ ಹೊಂದಲ್ಲ, ಆರು ಅಂಕಿವರೆಗೆ ಮಾತ್ರ ಎಲ್ಲಾ ದೇಶದ್ದೂ ಒಂದೇ.

ಅಳತೆದು ಬೇರೇನೇ ಕಥೆ. ಅಪ್ಪನ ಹಳೇ ಬರ್ಮಾ ಬಿಲ್ಲುಗಳ ಜೊತೆ ತಾಳೆ ನೋಡಿದ್ರೆ ಲೆಕ್ಕ ಐದರಲ್ಲಿ ಒಂದು ಪಾಲು ಕಮ್ಮಿ ಬರ್ತಿತ್ತು. ಅವು ಹಾಪಸ್ ಟನ್ನಲ್ಲಿದ್ವು (ಹಾಪಸ್ ಅಂದ್ರೆ ದಿಮ್ಮಿ ಸುತ್ತಳತೆಯಿಂದ ಗಾತ್ರ ಹಾಕೋ ಹಳೇ ಲೆಕ್ಕ), ಅಂದ್ರೆ 50 ಹಾಪಸ್ ಘನ ಅಡಿ, ನಾನು ಅದನ್ನ ಮಾಮೂಲಿ ಸಿಎಫ್‌ಟಿ, ಅಂದ್ರೆ ಘನ ಅಡಿ, ಅಂದ್ಕೊಂಡಿದ್ದೆ. ಸುತ್ತಳತೆ 1.6 ಮೀಟರ್, ಉದ್ದ 5 ಮೀಟರ್ ಇರೋ ದಿಮ್ಮಿ ತಗೊಳ್ಳಿ, ಹಾಪಸ್ ಲೆಕ್ಕದಲ್ಲಿ ಸುತ್ತಳತೆಯ ಕಾಲು ಭಾಗ 0.4, ಅದರ ವರ್ಗ ಗುಣಿಸು ಉದ್ದ, 0.8 ಘನ ಮೀಟರ್. ನಿಜವಾದ ಗಾತ್ರ 1.02 ಹತ್ರ. ಹಾಗಾಗಿ ಒಂದು ಹಾಪಸ್ ಟನ್ನಲ್ಲಿ ನಿಜವಾಗಿ ಇರೋ ಮರ ಸುಮಾರು 1.8 ಘನ ಮೀಟರ್.

ವರ್ಷದ್ದೂ ತಲೆನೋವು. ಮ್ಯಾನ್ಮಾರ್ (ಬರ್ಮಾದ ಈಗಿನ ಹೆಸರು) ದಿಮ್ಮಿ ರಫ್ತು ನಿಲ್ಸಿದ್ದು 2014 ಏಪ್ರಿಲ್ 1ಕ್ಕೆ, ಸರಿಯಾಗಿ ನಮ್ಮ ಹಣಕಾಸು ವರ್ಷ ಶುರುವಾಗೋ ದಿನ. ನಮ್ಮ ವಾಣಿಜ್ಯ ಇಲಾಖೆಯ ಏಪ್ರಿಲ್-ಮಾರ್ಚ್ ಅಂಕಿಯನ್ನ ಚೀನಾದ ಜನವರಿ-ಡಿಸೆಂಬರ್ ಪಕ್ಕ ಇಟ್ರೆ ಬ್ಯಾನ್‌ಗೆ ಮುಂಚಿನ ಮೂರು ತಿಂಗಳು ಒಂದು ಕಡೆ 2013-14ರಲ್ಲಿ, ಇನ್ನೊಂದು ಕಡೆ 2014ರಲ್ಲಿ ಹೋಗಿ ಕೂರುತ್ತೆ. ಕೊನೆಗೆ ತಿಂಗಳ ಅಂಕಿ ತಂದು ನಾನೇ ಕೂಡಿಸಿದೆ, ಎರಡು ಭಾನುವಾರ ಹೋಯ್ತು, ಹೆಂಡ್ತಿ ಬೈಗುಳ ಬೇರೆ.

ಸಿಕ್ಕಿದ್ದೇನು? ಚೀನಾ ದೊಡ್ಡದೇ, ಅನುಮಾನ ಇಲ್ಲ. 1998ರ ಯಾಂಗ್ಟ್ಸಿ ಪ್ರವಾಹ ಆದ್ಮೇಲೆ ಅವರು ತಮ್ಮ ಕಾಡು ಕಡಿಯೋದಕ್ಕೆ ಕಡಿವಾಣ ಹಾಕಿ, ದಿಮ್ಮಿ ಮೇಲಿನ ಆಮದು ಸುಂಕ ಸೊನ್ನೆ ಮಾಡಿದ್ರು. ಆದ್ರೆ ಅವ್ರ ಉಷ್ಣವಲಯದ ದಿಮ್ಮಿಯಲ್ಲಿ ದೊಡ್ಡ ಪಾಲು ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳಿಂದ, ನಮ್ಮ ಆಧಾರ ಬರ್ಮಾ, ಮಲೇಷ್ಯಾದ ಸರವಾಕ್ ಆಗಿತ್ತು. ನಮ್ಮ ಗೆರೆ ಮುರಿದಿದ್ದು ಚೀನಾದವ್ರಿಗಿಂತ ಹೆಚ್ಚು ಮಾರೋ ದೇಶದ ಬ್ಯಾನ್‌ನಿಂದ ಅಂತ ನನ್ನ ಲೆಕ್ಕ.

ಗ್ರಾಫ್ ಪ್ರಿಂಟ್ ಹಾಕಿಸಿ ನಮ್ಮ ಮೇಸ್ತ್ರಿಗೆ ತೋರಿಸಿದೆ. ಘಾನಾ, ಈಕ್ವೆಡಾರಿಂದ ಬರೋ ಪ್ಲಾಂಟೇಶನ್ ತೇಗಾನೂ ಇದೇ ಗೆರೇಲಿ ಸೇರಿಸಿದ್ದೀರಾ ಅಂತ ಕೇಳ್ದ. ಹೌದು ಅಂದೆ. "ಅದು ನನ್ನ ತೊಡೆಯಷ್ಟೂ ದಪ್ಪ ಇಲ್ಲ, ಅದನ್ನೂ ಬರ್ಮಾದ್ದನ್ನೂ ಒಟ್ಟಿಗೆ ಹಾಕಿದ್ರಾ?" ದಪ್ಪ ಮಾಲು, ಸಣ್ಣ ಮಾಲು ಬೇರೆ ಬೇರೆ ಗೊತ್ತಾಗ್ಲಿ ಅಂತ ಈಗ ಒಂದು ಘನ ಮೀಟರಿಗೆ ಎಷ್ಟು ಡಾಲರ್ ಬಿತ್ತು ಅಂತ ಇನ್ನೊಂದು ಕಾಲಂ ಹಾಕ್ತಾ ಇದೀನಿ.