ಹಿಡಿ ಜೋಳದ ಲೆಕ್ಕ

2008ರಲ್ಲಿ ಕ್ರೈಸ್ತರ ಮೆಥಡಿಸ್ಟ್ ಸಭೆಯ ಪಾಸ್ಟರನಾಗಿ ಬೀದರ ಜಿಲ್ಲೆಯ ಒಂದು ಹಳ್ಳಿಗೆ ನಾನು ನೇಮಕಗೊಂಡಾಗ, ಆ ಹಳ್ಳಿಯ ಜೊತೆಗೆ ಸುತ್ತಲಿನ ಇನ್ನೂ ಆರು ಹಳ್ಳಿಗಳ ಸಭೆಗಳು ನನ್ನ ಪಾಲಿಗೆ ಬಂದಿದ್ದವು. ಎಲ್ಲ ಕಡೆಯೂ ನಮ್ಮ ದೇವಾಲಯ, ಅಂದರೆ ಚರ್ಚು, ಇದ್ದದ್ದು ದಲಿತರ ಕೇರಿಯಲ್ಲಿ; ಸಭೆಯವರಲ್ಲಿ ಹೆಚ್ಚಿನವರು ಹೊಲವೇ ಇಲ್ಲದ, ಇದ್ದರೂ ಎಕರೆ ಎರಡೆಕರೆ ಖುಷ್ಕಿಯುಳ್ಳ ಕೂಲಿಕಾರರು. ದೀಪಾವಳಿ ಮುಗಿಯುತ್ತಲೇ ಅರ್ಧ ಕೇರಿ ಕಬ್ಬು ಕಡಿಯುವುದಕ್ಕೋ ಹೈದರಾಬಾದು, ಪುಣೆಗಳ ಕಟ್ಟಡ ಕೆಲಸಕ್ಕೋ ಹೊರಟು ಬಿಡುತ್ತಿತ್ತು. ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಬಂದು ಹೋದರೆ, ಮತ್ತೆ ಯುಗಾದಿಯವರೆಗೆ ಅವರ ಮುಖ ಕಾಣುತ್ತಿರಲಿಲ್ಲ.

ನಾನು ಮೊದಲು ಮಾಡಿದ ಕೆಲಸ ಕೆಟ್ಟಿತು. ದಾನಿಗಳೊಬ್ಬರ ನೆರವಿನಿಂದ 12 ಹೊಲಿಗೆ ಯಂತ್ರಗಳನ್ನು ತರಿಸಿ, ಆರಾಧನೆಗೆ ತಪ್ಪದೆ ಬರುವ ಮನೆಗಳ ಪಟ್ಟಿ ನೋಡಿ ಹಂಚಿದೆ. ನೂರೈವತ್ತು ಮನೆಗಳ ಊರಿನಲ್ಲಿ 12 ಮಂದಿಗೆ ಸಾಲುವಷ್ಟು ಹೊಲಿಗೆ ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ವರ್ಷ ತುಂಬುವಷ್ಟರಲ್ಲಿ ಎರಡು ಯಂತ್ರ ಮಾತ್ರ ನಡೆಯುತ್ತಿದ್ದವು, ಉಳಿದವು ಮಾರಾಟವಾಗಿದ್ದವು ಇಲ್ಲವೇ ಗೋಣಿಚೀಲ ಹೊದ್ದು ಮೂಲೆ ಸೇರಿದ್ದವು. ಯಂತ್ರ ಸಿಗದ ಮನೆಯವರು ಸಭೆಗೆ ಬರುವುದನ್ನು ಬಿಟ್ಟರು. ಊರಿನಲ್ಲಿ, ‘ಮಶೀನು ಕೊಟ್ಟು ಜಾತಿ ಕೆಡಸ್ತಾರ’ ಎಂಬ ಮಾತು ಹುಟ್ಟಿತು. ಆ ಮಾತನ್ನು ಅಪವಾದವೆಂದು ತಳ್ಳಿಹಾಕುವುದು ನನಗೆ ಸುಲಭವಿತ್ತು. ಆದರೆ ಹಾಜರಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೆರವು ಹಂಚಿದವನು ನಾನೇ ಆದ್ದರಿಂದ, ಅದಕ್ಕೆ ದಾರಿ ಮಾಡಿಕೊಟ್ಟವನೂ ನಾನೇ.

ಮಂಗಳೂರಿನ ಬಲ್ಮಠದಲ್ಲಿ ದೈವಶಾಸ್ತ್ರ ಓದುವಾಗ ಬಾಸೆಲ್ ಮಿಷನ್ನಿನ ಚರಿತ್ರೆಯನ್ನು ನಾವು ಪಾಠವಾಗಿ ಕಲಿತಿದ್ದೆವು. ಕ್ರೈಸ್ತರಾದ ಮೇಲೆ ಕಸುಬನ್ನೂ ಗೇಣಿಯ ನೆಲವನ್ನೂ ಕಳೆದುಕೊಂಡವರಿಗಾಗಿ ಮಿಷನ್ನು 1851ರ ಹೊತ್ತಿಗೆ ನೇಯ್ಗೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿತು; ಸಾವಿರಾರು ಮನೆಗಳ ಒಲೆ ಅದರಿಂದ ಉರಿಯಿತು. 1914ರಲ್ಲಿ ಮಹಾಯುದ್ಧ ತೊಡಗಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದಾಗ ಆ ಉದ್ಯಮಗಳು ಸರಕಾರದ ವಶಕ್ಕೆ ಹೋಗಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಕೆಲಸ, ಮನೆ, ಶಾಲೆ, ಆರಾಧನೆ ಎಲ್ಲವೂ ಒಂದೇ ಕಂಪೌಂಡಿನೊಳಗೆ ಇದ್ದರೆ, ಕಂಪೌಂಡಿನ ಯಜಮಾನ ಬದಲಾದ ದಿನ ಒಳಗಿದ್ದವರಿಗೆ ಏನು ಹೇಳುವ ಹಕ್ಕಿರುತ್ತದೆ ಎಂಬ ಪ್ರಶ್ನೆಗೆ ಅಂದು ಪರೀಕ್ಷೆಯಲ್ಲಿ ಎರಡು ಪುಟ ಉತ್ತರ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಹೊಲಿಗೆ ಯಂತ್ರ ಹಂಚುವಾಗ ಅದು ನೆನಪಾಗಲಿಲ್ಲ.

ಮರುವರ್ಷ ಯಾವ ಯೋಜನೆಯನ್ನೂ ಬರೆಯದೆ, ಸಂಜೆ ಕೇರಿಯ ಕಟ್ಟೆಯ ಮೇಲೆ ಕುಳಿತು ಯಾರ ಮೇಲೆ ಯಾರ ಸಾಲವಿದೆ ಎಂದು ಕೇಳುತ್ತ ಹೋದೆ. ದುಡ್ಡಿನ ಸಾಲಕ್ಕಿಂತ ಮೊದಲು ಕಾಳಿನ ಸಾಲದ ಮಾತು ಬಂತು. ಬಿಳಿಜೋಳದ ರಾಶಿ ಮಾಘ, ಫಾಲ್ಗುಣದಲ್ಲಿ ಆಗುತ್ತದೆ. ಕೂಲಿಯಾಗಿ ಬಂದ ಜೋಳ ಜ್ಯೇಷ್ಠದ ಹೊತ್ತಿಗೆ ಮುಗಿದು, ಹೆಸರುಕಾಳು ಕೈಗೆ ಬರುವ ಭಾದ್ರಪದದವರೆಗಿನ ತಿಂಗಳುಗಳೇ ಕಷ್ಟದವು. ಆಗ ತಂದ ಒಂದು ಚೀಲಕ್ಕೆ ಸುಗ್ಗಿಯಲ್ಲಿ ಒಂದೂಕಾಲು ಕೊಟ್ಟರೆ ಸವಾಯಿ, ಒಂದೂವರೆ ಕೊಟ್ಟರೆ ದೇಢಿ. ಕೊಡುವವನು ಬಡ್ಡಿಯ ಜೊತೆಗೆ ಕಳೆ ತೆಗೆಯುವ ದಿನಗಳನ್ನೂ ಹಿಡಿದಿಟ್ಟುಕೊಳ್ಳುತ್ತಿದ್ದನು. ಇದು ಯಾವ ಕಾಗದದಲ್ಲಿಯೂ ಇರುತ್ತಿರಲಿಲ್ಲ.

ಇದಕ್ಕೆ ಉತ್ತರ ಹೊರಗಿನಿಂದ ಬರಬೇಕಾಗಿರಲಿಲ್ಲ. ನಮ್ಮ ಹೆಣ್ಣುಮಕ್ಕಳು ಗಿರಣಿಗೆ ಒಯ್ಯುವ ಜೋಳವನ್ನು ಹಸನು ಮಾಡುವಾಗ ಮೊರದಿಂದ ಒಂದು ಹಿಡಿ ತೆಗೆದಿಟ್ಟು, ಭಾನುವಾರ ಕಾಣಿಕೆಯಾಗಿ ತರುವ ರೂಢಿ ಮೊದಲಿನಿಂದಲೂ ಇತ್ತು. ಅದನ್ನು ಆರಾಧನೆಯ ನಂತರ ಹರಾಜು ಹಾಕಿ, ಬಂದ ಹಣವನ್ನು ಸಭೆಯ ಖರ್ಚಿಗೆ, ಅಂದರೆ ಬಹುಪಾಲು ನನ್ನ ಸಂಬಳಕ್ಕೆ ಸೇರಿಸುತ್ತಿದ್ದರು. ಆ ಕಾಳನ್ನು ಮಾರದೆ ಕೂಡಿಡೋಣ, ಮನೆಯಲ್ಲಿರುವ ತಲೆಗೊಂದರಂತೆ ವಾರಕ್ಕೆ ಒಂದು ಹಿಡಿ ತೆಗೆಯೋಣ ಎಂದು ಸ್ತ್ರೀ ಸಂಘದ ಮುಂದೆ ಇಟ್ಟೆ. ಹಿಡಿಗೆ 50 ಗ್ರಾಂ, ಮನೆಗೆ ಆರು ತಲೆ, 40 ಮನೆ ಎಂದರೆ ವಾರಕ್ಕೆ 12 ಕಿಲೊ, ವರ್ಷಕ್ಕೆ ಆರು ಕ್ವಿಂಟಲ್ ಎಂಬುದು ನನ್ನ ಲೆಕ್ಕ. ‘ಸುಗ್ಗಿ ಮುಂದ ಊರಾಗ ಯಾರ ಇರ್ತಾರ್ರೀ ಸಾಹೇಬ್ರ?’ ಎಂದು ಹಿರಿಯಳೊಬ್ಬಳು ಕೇಳಿದಳು. ಅವಳ ಲೆಕ್ಕವೇ ಸರಿಯಾಗಿತ್ತು; ಮೊದಲ ವರ್ಷ ನಾಲ್ಕು ಕ್ವಿಂಟಲಿನ ಆಸುಪಾಸು ಕೂಡಿತು.

ಸಭಾ ಕಮಿಟಿಯ ಗಂಡಸರು ಒಪ್ಪಲು ಮೂರು ಮೀಟಿಂಗು ಬೇಕಾದವು. ದೇವರ ಕಾಣಿಕೆಯನ್ನು ಸಾಲ ಕೊಡುವುದು ಸರಿಯೇ ಎಂಬುದು ಹೊರಗಿನ ತಕರಾರು, ಆದಾಯ ಕಡಿಮೆಯಾಗುತ್ತದೆ ಎಂಬುದು ಒಳಗಿನದು. ನನ್ನ ಸಂಬಳದಲ್ಲಿ ಆಗುವ ಕೊರತೆಯನ್ನು ಒಂದು ವರ್ಷ ನಾನೇ ನೋಡಿಕೊಳ್ಳುತ್ತೇನೆ ಎಂದ ಮೇಲೆ ಮಾತು ಮುಗಿಯಿತು. (ಮನೆಯಲ್ಲಿ ಈ ಮಾತು ಮುಗಿಯುವುದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯಿತು.)

ಕಾಳನ್ನು ದೇವಾಲಯದಲ್ಲಿ ಇಡಬಾರದು ಎಂದು ನಾನು ಹಟ ಹಿಡಿದೆ. ಕೇರಿಯವನೊಬ್ಬನ ಹಿಂದಿನ ಕೋಣೆಯಲ್ಲಿ ಚೀಲಗಳನ್ನಿಟ್ಟು ಬಾಗಿಲಿಗೆ ಎರಡು ಬೀಗ ಹಾಕಿದೆವು; ಒಂದು ಕೀಲಿ ಸಭೆಯ ಹೆಣ್ಣುಮಗಳ ಕೈಯಲ್ಲಿ, ಇನ್ನೊಂದು ಸಭೆಗೆ ಸೇರದ ನೆರೆಮನೆಯವಳ ಕೈಯಲ್ಲಿ. ಹತ್ತು ಕಿಲೊ ಒಯ್ದವರು ಹನ್ನೊಂದು ತಿರುಗಿಸಬೇಕು, ಹಿಡಿ ಹಾಕುವ ಯಾರಿಗಾದರೂ ಸಾಲವುಂಟು, ಅವರು ಯಾವ ದೇವರಿಗೆ ಕೈಮುಗಿಯುತ್ತಾರೆಂದು ಕೇಳುವಂತಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದ ಲೆಕ್ಕವನ್ನು ಪ್ರತಿ ಮಂಗಳವಾರ ಗಟ್ಟಿಯಾಗಿ ಓದಿ ಹೇಳಬೇಕು. ಎರಡನೆಯ ವರ್ಷದ ಹೊತ್ತಿಗೆ ಮುಸಲ್ಮಾನರ ಐದು ಮನೆಗಳೂ, ಗಂಡ ತೀರಿಕೊಂಡ ಇಬ್ಬರು ಲಿಂಗಾಯತ ಹೆಣ್ಣುಮಕ್ಕಳೂ ಸೇರಿದರು. ನಷ್ಟವೂ ಆಯಿತು: ಅಕಾಲದ ಮಳೆಯಲ್ಲಿ ನೆಂದ ಕಾಳನ್ನು ಒಣಗಿಸದೆ ತುಂಬಿಸಿದ್ದರಿಂದ ಎರಡು ಚೀಲಗಳಿಗೆ ನುಸಿ ಬಿತ್ತು. ಅಲ್ಲಿಂದ ಮುಂದೆ ಹಲ್ಲಿನಲ್ಲಿ ಕಚ್ಚಿ ಕಟ್ ಎಂದು ಮುರಿದ ಕಾಳನ್ನು ಮಾತ್ರ ತೆಗೆದುಕೊಂಡು, ಚೀಲದ ನಡುವೆ ಒಣಗಿದ ಬೇವಿನ ಸೊಪ್ಪು ಹಾಕುವ ಪದ್ಧತಿ ಬಂತು.

ಮಂಗಳವಾರದ ಕೂಟದಿಂದಲೇ ಉದ್ಯೋಗ ಖಾತ್ರಿಯ ಕೆಲಸ ತೊಡಗಿತು. 2006ರ ಫೆಬ್ರವರಿಯಲ್ಲಿ ಗ್ರಾಮೀಣ ಉದ್ಯೋಗ ಖಾತ್ರಿ ಕಾಯಿದೆ ಜಾರಿಗೆ ಬಂದ ದೇಶದ ಮೊದಲ 200 ಜಿಲ್ಲೆಗಳಲ್ಲಿ ಬೀದರವೂ ಇತ್ತು. ಆದರೂ ನಮ್ಮ ಕೇರಿಯಲ್ಲಿ ಜಾಬ್ ಕಾರ್ಡುಗಳು ಬೇರೆಯವರ ಮನೆಯ ಕಪಾಟಿನಲ್ಲಿದ್ದವು. ಕೆಲಸ ಬೇಕೆಂದು ನಮೂನೆ 6ರಲ್ಲಿ ಅರ್ಜಿ ಕೊಟ್ಟು, ತಾರೀಖು ಹಾಕಿದ ರಸೀದಿ ಪಡೆದರೆ ಮಾತ್ರ 15 ದಿನಗಳ ಗಡುವು ಲೆಕ್ಕಕ್ಕೆ ಬರುತ್ತಿತ್ತು; ಅದರೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಾಗುತ್ತಿತ್ತು. ಆದ್ದರಿಂದಲೇ ಪಂಚಾಯಿತಿಯಲ್ಲಿ ಅರ್ಜಿ ಇಟ್ಟುಕೊಳ್ಳುತ್ತಿದ್ದರು, ರಸೀದಿ ಕೊಡುತ್ತಿರಲಿಲ್ಲ. ನನ್ನನ್ನು ಜೊತೆಗೆ ಬರಲು ಕರೆದರು, ನಾನು ಹೋಗಲಿಲ್ಲ. ಪಾಸ್ಟರ್ ಬಂದರೆ ಅದು ಕೂಲಿಕಾರರ ಅರ್ಜಿಯಾಗಿ ಉಳಿಯದೆ ಚರ್ಚಿನ ತಕರಾರು ಆಗುತ್ತಿತ್ತು. 23 ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಪಂಚಾಯಿತಿಯ ಜಗಲಿಯ ಮೇಲೆ ಕುಳಿತು ರಸೀದಿ ತಂದರು. ಕೆರೆಯ ಹೂಳೆತ್ತುವ ಕೆಲಸದಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ. 2011ರಲ್ಲಿ ಅದು ದಿನಕ್ಕೆ 125 ರೂಪಾಯಿ. ಕೂಲಿ ಕೈಗೆ ಬರಲು ಎರಡು ತಿಂಗಳು ಹಿಡಿದಾಗ, ಕೆಲಸ ಬಿಟ್ಟು ಪುಣೆಗೆ ಹೋಗದಂತೆ ಜನರನ್ನು ಹಿಡಿದು ನಿಲ್ಲಿಸಿದ್ದು ಆ ಕೋಣೆಯ ಜೋಳ.

ಒಂದು ವಿಷಯದಲ್ಲಿ ನಾನು ಕೊನೆಯವರೆಗೂ ತೊಳಲಾಡಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳೇ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರೂ ಕ್ರೈಸ್ತರು ಹೊರಗೇ ಉಳಿದರು. ಕೇರಿಯಲ್ಲಿ ಒಂದೇ ಬಾವಿಯ ಎರಡು ಮನೆಗಳಲ್ಲಿ ಒಂದಕ್ಕೆ ಪರಿಶಿಷ್ಟ ಜಾತಿಯ ವಿದ್ಯಾರ್ಥಿ ವೇತನ ಉಂಟು, ಇನ್ನೊಂದಕ್ಕೆ ಇಲ್ಲ. ಮಗಳಿಗೆ ದೀಕ್ಷಾಸ್ನಾನ ಕೊಡಿಸಬೇಕೋ ಹಾಸ್ಟೆಲ್ಲಿಗೆ ಸೇರಿಸಬೇಕೋ ಎಂದು ತಂದೆಯೊಬ್ಬ ಕೇಳಿದಾಗ, ಕೂಡಲೇ ಹೇಳುವಂಥ ಉತ್ತರ ನನ್ನಲ್ಲಿರಲಿಲ್ಲ. ಮೊದಲು ಹಾಸ್ಟೆಲ್ಲಿಗೆ ಸೇರಿಸು ಎಂದೆ. ಇದನ್ನು ಒಪ್ಪದ ಪಾಸ್ಟರರು ಇದ್ದಾರೆ.

2013ರ ಜುಲೈಯಲ್ಲಿ ಅನ್ನಭಾಗ್ಯ ಬಂತು. ಕಿಲೊಗೆ ಒಂದು ರೂಪಾಯಿಯಂತೆ ಮನೆಗೆ 30 ಕಿಲೊವರೆಗೆ ಅಕ್ಕಿ ಸಿಗತೊಡಗಿದ ಮೇಲೆ, ಆ ಮಳೆಗಾಲದಲ್ಲಿ ಜೋಳ ಕೇಳಿಕೊಂಡು ಬಂದವರು ಮೂರೇ ಮನೆಯವರು. ನಾಲ್ಕು ವರ್ಷ ಕಟ್ಟಿದ್ದು ಬೇಡವಾಯಿತಲ್ಲ ಎಂದು ನನಗೆ ಬೇಸರವಾದದ್ದು ನಿಜ. ಹಸಿವು ಕಡಿಮೆಯಾದದ್ದಕ್ಕೆ ಪಾಸ್ಟರನಾದವನು ಬೇಸರಪಡುವುದೇ ಎಂದು ಆಮೇಲೆ ನಾಚಿಕೆಯೂ ಆಯಿತು. ಹೆಣ್ಣುಮಕ್ಕಳಿಗೆ ಬೇಸರವಿರಲಿಲ್ಲ. ಅವರು ಬೀಜಕ್ಕೆಂದು ಎರಡು ಚೀಲ ಉಳಿಸಿ ಮಿಕ್ಕಿದ್ದನ್ನು ಮಾರಿ, ಬ್ಯಾಂಕಿನಲ್ಲಿ ಖಾತೆ ತೆರೆದು, ಶಾಲೆ ತೊಡಗುವ ಜೂನ್ ತಿಂಗಳಿಗೂ ಹಿಂಗಾರಿಯ ಬಿತ್ತನೆಗೂ ಸಾಲ ಕೊಡತೊಡಗಿದರು. ಕೋಣೆಯ ಬದಲು ಗೋದಾಮು ಕಟ್ಟಿಸಿಕೊಡುತ್ತೇವೆ ಎಂದು ಹೊರಗಿನವರೊಬ್ಬರು ಮುಂದೆ ಬಂದಾಗ, ಇಡಲು ಕಾಳೇ ಇಲ್ಲವೆಂದು ಹೇಳಿ ಕಳಿಸಿದರು.

2015ರಲ್ಲಿ ನನಗೆ ವರ್ಗವಾಯಿತು. ಹಾರ್ಮೋನಿಯಂ, ಬೆಂಚು, ದೀಕ್ಷಾಸ್ನಾನದ ರಿಜಿಸ್ಟರು ಎಲ್ಲವನ್ನೂ ಪಟ್ಟಿ ಮಾಡಿ ಹೊಸ ಪಾಸ್ಟರರಿಗೆ ಒಪ್ಪಿಸಿದೆ. ಸಂಘದ ಲೆಕ್ಕದ ಪುಸ್ತಕ ಪಟ್ಟಿಯಲ್ಲಿ ಇಲ್ಲವಲ್ಲ ಎಂದು ಅವರು ಕೇಳಿದರು. ಅದು ಸಭೆಯ ಆಸ್ತಿಯಲ್ಲ, ಕೀಲಿ ಇರುವವರನ್ನೇ ಕೇಳಬೇಕು ಎಂದೆ. ಅವರು ಹೋಗಿ ಕೇಳಿದಾಗ ಕೀಲಿ ಹಿಡಿದವಳೊಬ್ಬಳು, ‘ಮಂಗಳವಾರ ಸಂಜಿಗಿ ಓದತೀವಿ ಸಾಹೇಬ್ರ, ಬಂದು ಕೂಡ್ರಿ’ ಎಂದಳಂತೆ.